ಅಕ್ಕ ಆರಿಸಿದ ಹಂತ

ಅಕ್ಕನನ್ನು ಮನೆಯಲ್ಲಿ ಕೂರಿಸುವುದು ತಂಗಿಯ ಕೈಯಲ್ಲಾಗಲಿಲ್ಲ. ವರ್ಷಗಟ್ಟಲೆ ಟವರ್ ಕ್ರೇನಿನ ತುದಿಯಲ್ಲಿ ಕೂತು, ಊರನ್ನೆಲ್ಲ ಕಾಲಡಿಗೆ ಇಟ್ಟುಕೊಂಡು ಕಬ್ಬಿಣದ ತೊಲೆ ಎತ್ತಿ ಇಳಿಸಿದ ಹೆಂಗಸು ಅವಳು. ಒಂದು ದಿನ ಏಣಿಯ ಕೊನೆಯ ಮೆಟ್ಟಿಲಲ್ಲಿ ಕಾಲು ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡಳು. ಮೂಳೆಯೇನೋ ಕೂಡಿಕೊಂಡಿತು, ಆದರೆ ಬೆರಳುಗಳಿಗೆ ಹಳೆಯ ಚುರುಕು ಬರಲಿಲ್ಲ.

ಎರಡು ಕೋಣೆಯ ಆ ಮನೆಯಲ್ಲಿ ಅಕ್ಕ ಕಿಟಕಿ ತೆಗೆಯುವಳು, ಮುಚ್ಚುವಳು. ಜೋಡಿಸಿದ್ದ ಡಬ್ಬಿಗಳನ್ನೇ ಮತ್ತೆ ಜೋಡಿಸುವಳು. ತಂಗಿ ಕೆಲಸದಿಂದ ಬರುವಷ್ಟರಲ್ಲಿ ಸೋಫಾ ಇನ್ನೊಂದು ಗೋಡೆಗೆ ಹೋಗಿರುತ್ತಿತ್ತು.

"ಒಂಟಿ ಕೈಯಲ್ಲಿ ತಳ್ಳಿದೆಯಾ? ಡಾಕ್ಟರ್ ಏನು ಹೇಳಿದ್ರು?"

"ಬೆರಳಿಗೆ ಕೆಲಸ ಕೊಡಿ ಅಂದ್ರು. ಕೊಡ್ತಿದೀನಲ್ಲ."

ತಂಗಿ ಹಲ್ಲಿನ ಸೆಟ್ ತಯಾರಿಸುವ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಮೇಣದಲ್ಲಿ ಒಂದೊಂದೇ ಹಲ್ಲು ತಿದ್ದುವ ಕೆಲಸ, ತಾಳ್ಮೆಗೆ ಬರವಿರಲಿಲ್ಲ. ಬೆರಳಿಗೆ ಬೇರೆ ಕೆಲಸ ಸಿಗಲಿ ಎಂದು ಅಟ್ಟದಲ್ಲಿದ್ದ ತನ್ನ ವಿಡಿಯೋ ಗೇಮ್ ಇಳಿಸಿ ಟಿವಿಗೆ ಜೋಡಿಸಿದಳು. ಹಳೆಯ ಕಾಲದ ಆಟ ಅದು. ನದಿಯ ದಂಡೆಯ ಚಿಕ್ಕ ರಾಜ್ಯವೊಂದನ್ನು ನಮ್ಮ ಕೈಗೆ ಕೊಡುತ್ತಾರೆ. ಕೋಟೆ ಕಟ್ಟಬೇಕು, ಕಣಜ ತುಂಬಬೇಕು, ಸುತ್ತಲಿನ ರಾಜರನ್ನು ಸಂಭಾಳಿಸಬೇಕು. ಮುತ್ತಿಗೆ ಬಿದ್ದಾಗ ಗುಂಡಿಗಳನ್ನು ಚಕಚಕನೆ ಒತ್ತಬೇಕು.

ಮೊದಲು ಹಂತ ಆರಿಸಬೇಕಿತ್ತು. ಸುಲಭ, ಸಾಧಾರಣ, ಕಠಿಣ, ಘೋರ. 'ಸುಲಭ'ದ ಕೆಳಗೆ ಹೀಗೆ ಬರೆದಿತ್ತು: ನೆರೆಯ ರಾಜರು ನಿಮ್ಮ ತಪ್ಪುಗಳನ್ನು ಮನ್ನಿಸುತ್ತಾರೆ.

"ಮನ್ನಿಸೋಕೆ ಅವರ್ಯಾರು?" ಎಂದು ಅಕ್ಕ ನೇರ 'ಘೋರ'ಕ್ಕೆ ಹೋದಳು. ತಂಗಿ ಜಗ್ಗಾಡಿ 'ಕಠಿಣ'ಕ್ಕೆ ಇಳಿಸಿದಳು.

ಅಕ್ಕ ಸೋತಳು. ಮತ್ತೆ ಸೋತಳು. ಉತ್ತರದ ರಾಜ ಬಂದು ಕಣಜ ಸುಟ್ಟ, ಪೂರ್ವದವನು ಬಾಗಿಲು ಮುರಿದ. ಅಕ್ಕ ಊಟಕ್ಕೆ ಕೂತರೂ ಕಾಲು ಅಲ್ಲಾಡುತ್ತಲೇ ಇರುತ್ತಿತ್ತು. ಒಂದು ಸಂಜೆ ಆಟದ ರಿಮೋಟನ್ನು ಗೋಡೆಗೆ ಎಸೆದು, "ಈ ಕೈ ಇದ್ದರೆಷ್ಟು ಬಿಟ್ಟರೆಷ್ಟು" ಎಂದು ಮುಖ ತಿರುಗಿಸಿಕೊಂಡಳು.

ಮರುದಿನ ಬೆಳಿಗ್ಗೆ ಅಕ್ಕ ಸ್ನಾನಕ್ಕೆ ಹೋದಾಗ ತಂಗಿ 'ಸುಲಭ'ದಲ್ಲಿ ಹೊಸ ಆಟ ಶುರು ಮಾಡಿಟ್ಟಳು.

"ಹೊಸದಾಗಿ ಹಾಕಿದೀನಿ. ಅದೇ ಕಠಿಣ."

ಅಕ್ಕ ಗೆಲ್ಲತೊಡಗಿದಳು. ಕಣಜ ತುಂಬಿತು, ಉತ್ತರದ ರಾಜ ಕಪ್ಪ ಕಳಿಸಿದ. ಸೋಫಾ ನಿಂತಲ್ಲೇ ನಿಂತಿತು. ಮನೆಯಲ್ಲಿ ಮತ್ತೆ ಅಕ್ಕನ ಸಿಳ್ಳೆ ಕೇಳಿಸಿತು. ತಂಗಿ ಒಳಗೊಳಗೇ ಬೀಗಿದಳು. ಆಮೇಲೊಂದು ಮಧ್ಯಾಹ್ನ ಲ್ಯಾಬಿಗೆ ಅಕ್ಕನ ಫೋನ್ ಬಂತು.

"ಸೈಟಿಗೆ ಫೋನ್ ಮಾಡಿಬಿಟ್ಟೆ. ಸೋಮವಾರ ಕ್ರೇನ್ ಪರೀಕ್ಷೆ. ಕೈ ಸರಿಹೋಯ್ತು ನೋಡು, ಕಠಿಣದಲ್ಲೇ ನಾಲ್ಕು ಜನ ರಾಜರನ್ನ ಮಲಗಿಸಿದೀನಿ!"

ತಂಗಿಯ ಕೈಯಲ್ಲಿದ್ದ ಮೇಣದ ಹಲ್ಲು ನಜ್ಜುಗುಜ್ಜಾಯಿತು. ಅಲ್ಲಿಂದ ಚಡಪಡಿಕೆ ಅವಳ ಪಾಲಿಗೆ ಬಂತು. ಹೇಳಿಬಿಡೋಣವೆಂದು ಅಡುಗೆಮನೆಯ ಬಾಗಿಲವರೆಗೆ ಬರುವಳು, ಅಕ್ಕನ ಮುಖ ನೋಡಿ ನೀರು ಕುಡಿದು ವಾಪಸಾಗುವಳು. ಹೊದಿಕೆ ಹೊದ್ದರೆ ಸೆಕೆ, ಕಿತ್ತೆಸೆದರೆ ಚಳಿ.

ಶನಿವಾರ ಮಧ್ಯಾಹ್ನ ಕೊನೆಯ ರಾಜನೂ ಮಂಡಿಯೂರಿದ. ಟಿವಿಯಲ್ಲಿ ಕಹಳೆ ಮೊಳಗಿ, ಬಂಗಾರದ ಅಕ್ಷರಗಳು ಮೂಡಿದವು: 'ಸುಲಭ' ಹಂತ ಮುಗಿಯಿತು. ಇನ್ನು ನಿಜವಾದ ಸವಾಲಿಗೆ ಸಿದ್ಧರಾಗಿ.

ಅಕ್ಕ ಎರಡೆರಡು ಸಲ ಓದಿದಳು.

"ಯಾವಾಗಿಂದ?"

"ನೀನು ರಿಮೋಟ್ ಎಸೆದ ಮಾರನೇ ದಿನದಿಂದ." ಎಂದಳು ತಂಗಿ. "ನಿನ್ನನ್ನ ಹಾಗೆ ನೋಡೋಕಾಗ್ಲಿಲ್ಲ ಅಕ್ಕಾ."

"ನೋಡೋಕಾಗದಿದ್ರೆ ಆಚೆ ಹೋಗಬೇಕಿತ್ತು! ನಾನೇನು ಮಗುವಾ? ಇದನ್ನ ನಂಬ್ಕೊಂಡು ಸೈಟಿಗೆ ಮಾತು ಕೊಟ್ಟಿದೀನಿ. ತೊಲೆ ಕೈತಪ್ಪಿದ್ರೆ ಅದು ಯಾವ ಹಂತ ಅಂತ ಕೇಳ್ಕೊಂಡು ಬೀಳತ್ತಾ?"

ತಂಗಿ ಅಳುತ್ತ ನಿಂತಳು. ಅಕ್ಕ ಸಮಾಧಾನ ಹೇಳಲಿಲ್ಲ. ಟಿವಿಯತ್ತ ತಿರುಗಿ 'ಕಠಿಣ' ಒತ್ತಿದಳು. ಸಂಜೆಯವರೆಗೂ ಆಡಿದಳು, ಸೋಲುತ್ತಲೇ ಹೋದಳು. ಆದರೆ ಈ ಸಲ ಏನನ್ನೂ ಎಸೆಯಲಿಲ್ಲ, ಟಿವಿಗಿಂತ ಹೆಚ್ಚಾಗಿ ತನ್ನ ಹೆಬ್ಬೆರಳನ್ನೇ ನೋಡುತ್ತಿದ್ದಳು. ನಾನು ಒತ್ತು ಅಂದಾಗ ಇದು ಒತ್ತುತ್ತಿಲ್ಲ, ಆಮೇಲೆ ಒತ್ತುತ್ತಿದೆ ಎಂದು ತನಗೆ ತಾನೇ ಹೇಳಿಕೊಂಡಳು.

ಆದರೂ ಸೋಮವಾರ ಹೋದಳು. ತಂಗಿ ರಜೆ ಹಾಕಿ ಹಿಂದೆಯೇ ಹೋದಳು.

ಅಕ್ಕ ಏಣಿ ಹತ್ತಿ ಕ್ಯಾಬಿನ್ ಸೇರಿದಳು. ನೀರು ತುಂಬಿದ ದೊಡ್ಡ ತೊಟ್ಟಿಯೊಂದನ್ನು ಎತ್ತಿ, ತಿರುಗಿಸಿ, ಗುರುತು ಹಾಕಿದ ಚೌಕದೊಳಗೆ ಇಡಬೇಕಿತ್ತು. ಎತ್ತಿದ್ದು ಹೂವಿನಂತೆ ಎತ್ತಿದಳು. ತಿರುಗುವಾಗ ತೊಟ್ಟಿ ತೂಗಾಡಿತು, ಅದನ್ನು ತಡೆಯುವ ಬೆರಳು ಒಂದು ಕ್ಷಣದಷ್ಟು ತಡವಾಯಿತು. ತೊಟ್ಟಿ ತುಳುಕಿ ಕೆಳಗಿದ್ದ ಇಟ್ಟಿಗೆಗಳೆಲ್ಲ ಒದ್ದೆಯಾದವು. ತಂಗಿ ಕಣ್ಣು ಮುಚ್ಚಿಕೊಂಡಳು. ತೆರೆದಾಗ ತೊಟ್ಟಿ ಚೌಕದ ಅಂಚಿನಲ್ಲಿ ಕೂತಿತ್ತು.

ಇಂಜಿನಿಯರ್ ವಾಕಿಟಾಕಿ ಎತ್ತಿದ. "ಪರವಾಗಿಲ್ಲ ಮೇಡಂ, ನಡೆಯುತ್ತೆ. ನಮಗೂ ಜನ ಇಲ್ಲ. ನಾಳೆಯಿಂದ ಬಂದುಬಿಡಿ."

ಅಕ್ಕ ಮೇಲೆ ತನ್ನ ವಾಕಿಟಾಕಿ ಒತ್ತಿದಳು.

"ನಡೆಯಲ್ಲ ಸಾರ್," ಎಂದಳು ಅಕ್ಕ. "ಕೆಳಗೆ ಜನ ನಿಂತಿರ್ತಾರೆ. ಕೈ ಇನ್ನೂ ನಿಧಾನ ಇದೆ. ಕೆಳಗೇ ಏನಾದ್ರೂ ಕೆಲಸ ಇದ್ರೆ ಕೊಡಿ."

ಇಳಿದು ಬಂದವಳ ಮುಖ ಬಿಳಿಚಿಕೊಂಡಿತ್ತು. ತಂಗಿ ನೀರಿನ ಬಾಟಲಿ ಚಾಚಿದಳು. ಅಕ್ಕ ಅದನ್ನು ತೆಗೆದುಕೊಂಡು ಮುಂದೆ ನಡೆದಳು.

ಈಗ ಅಕ್ಕ ಅದೇ ಸೈಟಿನಲ್ಲಿ ನೆಲದ ಮೇಲೆ ನಿಂತು ವಾಕಿಟಾಕಿಯಲ್ಲಿ ಕ್ರೇನಿಗೆ ದಾರಿ ಹೇಳುತ್ತಾಳೆ. ಮೇಲಿರುವವನು ಹೊಸಬ, ದಿನವೂ ಅವಳ ಕೈಯಲ್ಲಿ ಬೈಸಿಕೊಳ್ಳುತ್ತಾನೆ. ಬೆರಳಿನ ವ್ಯಾಯಾಮ ಬಿಟ್ಟಿಲ್ಲ, ಮುಂದಿನ ಪರೀಕ್ಷೆಗೆ ಹೆಸರು ಕೊಟ್ಟಿದ್ದಾಳೆ. ತಂಗಿಯೊಡನೆ ಮೊದಮೊದಲು ಉಪ್ಪು ಕೊಡು, ಬಾಗಿಲು ಹಾಕು, ಇಷ್ಟೇ ಮಾತಿತ್ತು. ಕಳೆದ ವಾರ ಊಟದ ಬಿಡುವಿನಲ್ಲಿ ತಾನಾಗಿಯೇ ಫೋನ್ ಮಾಡಿದಳು.

"ಕೆಳಗಿಂದ ನೋಡಿದ್ರೆ ಕ್ರೇನ್ ಎಷ್ಟು ನಿಧಾನ ಅನ್ಸತ್ತೆ ಗೊತ್ತಾ? ಕಾಲು ನಿಲ್ಲಲ್ಲ, ಅತ್ತಿಂದಿತ್ತ ಓಡಾಡ್ತಾನೇ ಇರ್ತೀನಿ. ಹುಚ್ಚು ಹಿಡಿಯತ್ತೆ."

"ಊಟ ಮಾಡಿದೆಯಾ?" ಎಂದಳು ತಂಗಿ.

"ನಿಂತ್ಕೊಂಡೇ ಮಾಡ್ತಿದೀನಿ."