ಅಡುಗೆಮನೆಯ ಹಿಂದಿನ ಸ್ಪ್ಯಾನಿಷ್

‘ಸಿಟ್ಟು ಬಂದಾಗಲೆಲ್ಲ ನನ್ನ ಮುಖ ನಗುತ್ತದೆ. ನಾನು ನಗುವುದಿಲ್ಲ, ಮುಖ ನಗುತ್ತದೆ. ಇದಕ್ಕೆ ಏನಾದರೂ ಹೆಸರಿದೆಯೋ, ನನಗೊಬ್ಬಳಿಗೇ ಹೀಗೋ?’

ಹೌಗಾಂಗ್‌ನ ತಮ್ಮ ಬ್ಲಾಕಿನ ತಳದ ತೆರೆದ ಹಜಾರವಾದ ವಾಯ್ಡ್ ಡೆಕ್‌ನಲ್ಲಿ ಕಲ್ಲಿನ ಮೇಜಿನ ಮುಂದೆ ಕೂತು ಗಾರ್ಗಿ ಡೈರಿಯಲ್ಲಿ ಇಷ್ಟು ಬರೆದು ಪೆನ್ನಿನ ಬಾಯಿ ಮುಚ್ಚಿದಳು. ಮನೆಯಲ್ಲಿ ಕೂತು ಬರೆಯುವ ಹಾಗಿರಲಿಲ್ಲ. ಅಮ್ಮ ಸತ್ಯವತಿ ಒಗೆದ ಬಟ್ಟೆಯನ್ನು ಕಿಟಕಿಯಾಚೆಯ ಬಿದಿರುಗಳಕ್ಕೆ ಏರಿಸುತ್ತಲೇ ಮಗಳ ಭುಜದ ಮೇಲಿಂದ ಎರಡು ಸಾಲು ಓದಿಬಿಡುವ ಹೆಂಗಸು.

ಡಿಗ್ರಿ ಮುಗಿದು ತಿಂಗಳುಗಳೇ ಆಗಿದ್ದವು. ಅದು ಎರಡು ಸಾವಿರದ ಏಳನೆಯ ಇಸವಿ. ಊರಲ್ಲಿ ಎಲ್ಲಿ ತಲೆಯೆತ್ತಿದರೂ ಕ್ರೇನು. ಬ್ಯಾಂಕುಗಳು ಹುಡುಗ ಹುಡುಗಿಯರನ್ನು ಕೈಹಿಡಿದು ಒಳಗೆ ಎಳೆದುಕೊಳ್ಳುತ್ತಿದ್ದವು. ಗಾರ್ಗಿಯ ಜೊತೆ ಓದಿದವರೆಲ್ಲ ಕೊರಳಿಗೆ ಆಫೀಸಿನ ಪಾಸ್ ತೂಗಿಹಾಕಿಕೊಂಡು ಓಡಾಡುತ್ತಿದ್ದರೆ ಅವಳು ಮಾತ್ರ ಇಂಟರ್‌ವ್ಯೂ ಕೋಣೆಗೆ ಹೋಗುವುದು, ಕೇಳಿದ್ದಕ್ಕೆ ಅರ್ಧ ಉತ್ತರ ನುಂಗುವುದು, ತಲೆ ತಗ್ಗಿಸಿಕೊಂಡು ವಾಪಸು ಬರುವುದು. ಅವಳು ಗಂಟಲು ಬಿಟ್ಟು ಮಾತಾಡುತ್ತಿದ್ದುದು ಸ್ಪ್ಯಾನಿಷ್‌ನಲ್ಲಿ ಮಾತ್ರ, ಅದೂ ಸ್ನಾನದ ಮನೆಯಲ್ಲಿ, ನಲ್ಲಿ ಬಿಟ್ಟುಕೊಂಡು.

ಸ್ಪ್ಯಾನಿಷ್ ಅವಳ ಹಟದ ಭಾಷೆ. ಶಾಲೆಯಲ್ಲಿ ‘ಮಾತೃಭಾಷೆ’ ಎಂಬ ವಿಷಯಕ್ಕೆ ಅವಳ ಪಾಲಿಗೆ ಬಂದದ್ದು ಹಿಂದಿ. ಅಲ್ಲಿದ್ದ ಭಾಷೆಗಳಲ್ಲಿ ಕನ್ನಡದ ಹೆಸರೇ ಇರಲಿಲ್ಲ. ತನ್ನ ತಾಯಿಗೆ ಸರಿಯಾಗಿ ಬಾರದ ನುಡಿಯನ್ನು ಮಾತೃಭಾಷೆಯೆಂದು ಹತ್ತು ವರ್ಷ ಬರೆದು ಮಾರ್ಕು ತೆಗೆದವಳು, ಯೂನಿವರ್ಸಿಟಿಗೆ ಬಂದಾಗ ಯಾರೂ ತನ್ನ ಮೇಲೆ ಹೇರದ ಒಂದು ಭಾಷೆಯನ್ನು ತಾನೇ ಆರಿಸಿಕೊಳ್ಳುತ್ತೇನೆಂದು ಸ್ಪ್ಯಾನಿಷ್ ಕ್ಲಾಸಿಗೆ ಹೆಸರು ಕೊಟ್ಟಳು. ಅದನ್ನು ಹೇರಿಸಿಕೊಂಡವರು ಜಗತ್ತಿನಲ್ಲಿ ಎಷ್ಟು ಜನ ಎನ್ನುವುದು ತಿಳಿದದ್ದು ಆಮೇಲೆ.

ಆ ಸ್ಪ್ಯಾನಿಷ್‌ಗೆ ಈಗ ಗಿರಾಕಿ ಸಿಕ್ಕಿತ್ತು. ಅಪ್ಪ ಅಚ್ಯುತನ ಸ್ನೇಹಿತರಾದ ಅರವಿಂದ ಅಂಕಲ್ ಚಾಂಗಿ ಬಿಸಿನೆಸ್ ಪಾರ್ಕ್‌ನ ಬ್ಯಾಂಕೊಂದರಲ್ಲಿ ದೊಡ್ಡ ಕುರ್ಚಿಯಲ್ಲಿದ್ದರು. ಮೆಕ್ಸಿಕೋ, ಚಿಲಿ ಕಡೆಯ ಗ್ರಾಹಕರಿಗೆಂದು ಅಲ್ಲಿ ಹೊಸ ತಂಡ ಕಟ್ಟುತ್ತಿದ್ದರು.

“ಶನಿವಾರ ಸಂಜೆ ನಮ್ಮನೇಲಿ ಕನ್ನಡದವರೆಲ್ಲ ಸೇರ್ತೀವಲ್ಲಮ್ಮ, ಅಲ್ಲಿ ಒಂದು ಪ್ರೆಸೆಂಟೇಷನ್ ಕೊಡು. ಸ್ಪ್ಯಾನಿಷ್ ಅಂದ್ರೇನು, ಯಾರ್ಯಾರು ಎಲ್ಲೆಲ್ಲಿ ಮಾತಾಡ್ತಾರೆ, ಒಂದು ಓವರ್‌ವ್ಯೂ. ಜನರ ಮುಂದೆ ಹೇಗೆ ನಿಲ್ತೀಯ ನೋಡ್ತೀನಿ. ಚೆನ್ನಾಗಾದ್ರೆ ಸೋಮವಾರವೇ ಎಚ್ಆರ್ ಹತ್ರ ಕರ್ಕೊಂಡ್ ಹೋಗ್ತೀನಿ,” ಎಂದಿದ್ದರು.

ಗಾರ್ಗಿ ವಾರವೆಲ್ಲ ಕೂತು ಸ್ಲೈಡು ಮಾಡಿ ಅವರಿಗೆ ಕಳಿಸಿದಳು. ಅರ್ಧಕ್ಕರ್ಧ ಕತ್ತರಿಸಿ ವಾಪಸು ಬಂತು. ಸ್ಪೇನಿನಿಂದ ಓಡಿಸಲ್ಪಟ್ಟ ಯಹೂದಿಗಳು ಅದೇ ಭಾಷೆಯನ್ನು ಇಸ್ತಾಂಬುಲಿಗೆ ಒಯ್ದು ನೂರಾರು ವರ್ಷ ಅಡುಗೆಮನೆಯಲ್ಲಿ ಉಳಿಸಿಕೊಂಡದ್ದು ಹೋಗಿತ್ತು. ಆಂಡಿಸ್ ಬೆಟ್ಟಗಳ ಶಾಲೆಗಳಲ್ಲಿ ಮನೆಮಾತಾಡಿದ್ದಕ್ಕೆ ಏಟು ತಿಂದ ಮಕ್ಕಳೂ ಹೋಗಿದ್ದರು.

“ಇದೆಲ್ಲ ಡಿಪ್ರೆಸ್ಸಿಂಗ್ ಕಣಮ್ಮ,” ಅಂಕಲ್ ಫೋನಿನಲ್ಲಿ ಹೇಳಿದರು. “ಎಷ್ಟು ಕೋಟಿ ಜನ, ಎಷ್ಟು ದೇಶ, ಎಷ್ಟು ಮಾರ್ಕೆಟ್, ಅಷ್ಟು ಸಾಕು. ಪಾಸಿಟಿವ್ ಆಗಿರ್ಲಿ.”

“ಸರಿ ಅಂಕಲ್,” ಎಂದಳು. ಮೈಯೆಲ್ಲ ಉರಿಯುತ್ತಿತ್ತು. ಎದುರಿನ ಕನ್ನಡಿಯಲ್ಲಿ ಅವಳ ಮುಖ ಹಲ್ಲು ತೋರಿಸಿಕೊಂಡು ನಿಂತಿತ್ತು.

ಶನಿವಾರ ಮಧ್ಯಾಹ್ನವೇ ಬಾ, ಒಂದು ಚಿಕ್ಕ ಕೆಲಸವಿದೆ ಎಂದು ಅರವಿಂದ ಅಂಕಲ್ಲರ ಹೆಂಡತಿ ಪದ್ಮಿನಿ ಆಂಟಿ ಕರೆದಿದ್ದರು. ಸಿಮೇಯಲ್ಲಿ ಅವರ ಕಾಂಡೊ ಫ್ಲ್ಯಾಟು. ಗಾರ್ಗಿಗೆ ಚಿಕ್ಕಂದಿನಲ್ಲಿ ಜ್ವರ ಬಂದರೆ ಸಾರು ಮಾಡಿ ಡಬ್ಬಿಯಲ್ಲಿ ಕಳಿಸುತ್ತಿದ್ದ ಆಂಟಿ ಅವರು. ಬಾಗಿಲಲ್ಲೇ ಅವಳ ಗಲ್ಲ ಸವರಿ, ಒಳಗೆ ಕರೆದೊಯ್ದು, ದನಿ ತಗ್ಗಿಸಿದರು.

“ನಮ್ ಲಿಂಡಾ ಇದಾಳಲ್ಲ ಪುಟ್ಟಾ, ಈಚೀಚೆಗೆ ಹಿಂದುಗಡೆ ಯಾರ್ಡಲ್ಲಿ ನಿಂತ್ಕೊಂಡು ಫೋನೋ ಫೋನು. ಪಕ್ಕದ ಮನೆ ಮೇಡ್‌ನ ಕೇಳಿದೆ. ಅವಳೂ ಫಿಲಿಪ್ಪೀನ್ಸೇ, ಅವಳಿಗೇ ಅರ್ಥ ಆಗಲ್ವಂತೆ. ಇವಳ ಊರ ಕಡೇದು ಸ್ಪ್ಯಾನಿಷ್ ಥರದ್ದೇ ಏನೋ ಅಂತೆ. ನಂಗೆ ಥಟ್ ಅಂತ ನಿನ್ನ ನೆನಪಾಯ್ತು ನೋಡು!”

“ಆಂಟಿ, ನಾನು...”

“ಸುಮ್ನೆ ಅಡುಗೆಮನೇಲಿ ಕೂತು ಕಿವಿ ಕೊಡು. ಬಾಯ್‌ಫ್ರೆಂಡ್ ಇದಾನಾ, ಓಡಿಹೋಗೋ ಪ್ಲಾನ್ ಇದೆಯಾ, ಅಷ್ಟೇ. ಓಡಿಹೋದ್ರೆ ಅವಳಿಗಾಗಿ ಸರ್ಕಾರಕ್ಕೆ ಬರ್ಕೊಟ್ಟಿರೋ ಬಾಂಡ್ ದುಡ್ಡು ನಮ್ದು ಹೋಗತ್ತೆ ಕಣೇ. ನಿಂಗೂ ಪ್ರಾಕ್ಟೀಸ್ ಆಯ್ತಲ್ಲ!”

ಎರ್ಲಿಂಡಾ ಎಂಬ ಹೆಸರನ್ನು ಆ ಮನೆಯವರು ಲಿಂಡಾ ಎಂದು ಮೊಟಕು ಮಾಡಿಕೊಂಡಿದ್ದರು. ಅವಳು ಸಾಂಬೊವಾಂಗಾದವಳು. ಸ್ಪೇನ್ ಮುನ್ನೂರಕ್ಕೂ ಹೆಚ್ಚು ವರ್ಷ ಆಳಿ ಹೋದ ಫಿಲಿಪ್ಪೀನ್ಸ್‌ನಲ್ಲಿ ಆ ಭಾಷೆ ಹೆಚ್ಚುಕಡಿಮೆ ಅಳಿಸಿಹೋದರೂ, ಆ ಊರಿನಲ್ಲಿ ಅದು ಸ್ಥಳೀಯ ನುಡಿಗಳ ಜೊತೆ ಬೆರೆತು ಚಾವಕಾನೋ ಆಗಿ ಬದುಕಿಕೊಂಡಿದೆ. ಗಾರ್ಗಿಯ ಸ್ಲೈಡಿನಲ್ಲೂ ಅದಕ್ಕೊಂದು ಸಾಲಿತ್ತು. ಆ ಸಾಲು ಹೀಗೆ ಏಪ್ರನ್ ಕಟ್ಟಿಕೊಂಡು ಎದುರು ಬರುತ್ತದೆಂದು ಅವಳು ಎಣಿಸಿರಲಿಲ್ಲ.

‘ಆಗಲ್ಲ ಆಂಟಿ’ ಎಂದು ಎದ್ದು ಬರಬಹುದಿತ್ತು. ಬಟ್ಟಲಲ್ಲಿದ್ದ ಬಟಾಣಿ ಸುಲಿಯುತ್ತ ಅವಳು ಕೂತೇ ಇದ್ದಳು. ಎರ್ಲಿಂಡಾ ಒದ್ದೆ ಬಟ್ಟೆ ಒಣಹಾಕಲು ಹೋಗಿ ಫೋನು ಹಚ್ಚಿದಳು. ಮೊದಮೊದಲು ಬರೀ ಗಿಜಿಗಿಜಿ. ಆಮೇಲೆ, ತಿಳಿದ ಮನೆಯೊಳಗೆ ಯಾರೋ ಕುರ್ಚಿ ಮೇಜುಗಳನ್ನೆಲ್ಲ ಬೇರೆ ಕಡೆ ಇಟ್ಟಂತೆ, ಮಾತು ಒಂದೊಂದಾಗಿ ಕಾಲಿಗೆ ತೊಡರತೊಡಗಿತು. ಎನ್ಫೆರ್ಮೊ, ಕಾಯಿಲೆ. ಕಾಸಾ, ಮನೆ. ‘ನಾನಾ’ ಎಂದರೇನೆಂದು ಅವಳಿಗೆ ಹೊಳೆದದ್ದು ಆ ಕಡೆಯ ದನಿಯನ್ನು ಕೇಳಿ ಎರ್ಲಿಂಡಾ ಬಿಕ್ಕಿದಾಗ. ಅಮ್ಮ. ಎರ್ಲಿಂಡಾಳ ಅಮ್ಮ ಹಾಸಿಗೆ ಹಿಡಿದಿದ್ದಾಳೆ, ಊಟ ಬಿಟ್ಟಿದ್ದಾಳೆ, ಮಗಳ ಹೆಸರು ಹಿಡಿದು ಕೂಗುತ್ತಾಳೆ. ಸೆನ್ಯೋರಾ, ಅಂದರೆ ಮನೆಯೊಡತಿ, ಮೊದಲು ಕ್ರಿಸ್‌ಮಸ್ಸಿಗೆ ಕಳಿಸುತ್ತೇನೆಂದಳು, ಆಮೇಲೆ ಅತ್ತೆ ಬಂದು ಹೋಗಲಿ ಎಂದಳು, ಈಗ ದೀಪಾವಳಿ ಕಳೆಯಲಿ ಎನ್ನುತ್ತಾಳೆ. ಪಾಸ್‌ಪೋರ್ಟು ಅವಳ ಬೀರುವಿನಲ್ಲಿದೆ. ‘ಹೊರಟಿದ್ದಾಳೆ ಅಂತ ಅಮ್ಮನಿಗೆ ಸುಳ್ಳು ಹೇಳೇ,’ ಎಂದು ತಂಗಿಗೆ ಹೇಳಿ ಫೋನಿಟ್ಟಳು.

ಒಳಗೆ ಬಂದವಳು ಗಾರ್ಗಿಯ ಕೈಯಲ್ಲಿ ಹಾಗೇ ನಿಂತಿದ್ದ ಬಟಾಣಿ ಸಿಪ್ಪೆಯನ್ನು ನೋಡಿದಳು. ಮುಖ ನೋಡಿದಳು. ತಿಳಿದುಹೋಯಿತು.

“ಯು ಲಿಸನ್? ಫಾರ್ ಮ್ಯಾಮ್?”

ಗಾರ್ಗಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ತನ್ನ ಮೇಲೆ, ಆಂಟಿಯ ಮೇಲೆ, ಕಲಿತ ವಿದ್ಯೆಯ ಮೇಲೆ ಸಿಟ್ಟು ನೆತ್ತಿಗೇರಿತು. ಏರಿದ್ದೇ ತಡ, ಹಾಳು ಮುಖ ನಕ್ಕಿತು.

“ವೈ ಯು ಸ್ಮೈಲ್?” ಎರ್ಲಿಂಡಾಳ ಕಣ್ಣು ಕೆಂಡವಾಯಿತು. “ಮೈ ಮದರ್ ಡೈಯಿಂಗ್. ವೈ ಯು ಸ್ಮೈಲ್?” ಬಟಾಣಿಯ ಬಟ್ಟಲನ್ನು ಅವಳ ಕೈಯಿಂದ ಕಿತ್ತುಕೊಂಡು ಸಿಂಕಿನ ಕಡೆ ತಿರುಗಿ ನಿಂತುಬಿಟ್ಟಳು.

ಹಾಲಿನಲ್ಲಿ ಆಂಟಿ ಕಾಯುತ್ತಿದ್ದರು. ನಿಜ ಹೇಳಿದರೆ ಕರಗಿಯಾರು ಎಂದುಕೊಂಡು ಗಾರ್ಗಿ ತೊದಲುತ್ತ ಎಲ್ಲ ಹೇಳಿದಳು. ಬಾಯ್‌ಫ್ರೆಂಡ್ ಯಾರೂ ಇಲ್ಲ. ಅಮ್ಮನಿಗೆ ತೀರ ಹುಷಾರಿಲ್ಲ. ಹೋಗಬೇಕು ಅಂತ ಅಳುತ್ತಾಳೆ.

“ಅಯ್ಯೋ ಪಾಪ,” ಎಂದರು ಆಂಟಿ. ಒಂದು ಗಳಿಗೆ ನಿಜವಾಗಿ ಮರುಗಿದಂತೆಯೇ ಕಂಡಿತು. ಆಮೇಲೆ ಹುಬ್ಬು ಕೂಡಿತು. “ಹಾಗಾದ್ರೆ ಕಷ್ಟ. ಇಷ್ಟು ಎಮೋಷನಲ್ ಆಗಿರೋಳನ್ನ ಕಳಿಸಿದ್ರೆ ವಾಪಸ್ ಬರಲ್ಲ ಕಣೇ. ಜಯಾ ಮನೆ ಮೇಡೂ ಹಾಗೇ ಹೋಗಿದ್ದು ಹೋಗಿದ್ದೇ. ದೀಪಾವಳಿ ಆದ್ಮೇಲೂ ಬೇಡ, ಕಾಂಟ್ರ್ಯಾಕ್ಟ್ ಮುಗೀಲಿ. ಒಳ್ಳೇ ಟೈಮಿಗೆ ಹೇಳ್ದೆ ನೋಡು, ನೀನಿಲ್ದಿದ್ರೆ ನಾನು ಪಾಸ್‌ಪೋರ್ಟ್ ಕೊಟ್ಟು ಪೆದ್ದಿ ಆಗ್ತಿದ್ದೆ.”

ಮುಂದೂಡಿದ್ದ ರಜವನ್ನು ಗಾರ್ಗಿ ತಾನೇ ಹೋಗಿ ರದ್ದು ಮಾಡಿಸಿದಂತಾಗಿತ್ತು. ಬಾಯಿ ತೆರೆದಳು. ಆಂಟಿ ಆಗಲೇ ಚಕ್ಕುಲಿಯ ಡಬ್ಬಿ ಹುಡುಕಲು ಎದ್ದಿದ್ದರು.

ಸಂಜೆ ಹಾಲು ತುಂಬಿತು. ಅಪ್ಪ ಅಮ್ಮ ಹೌಗಾಂಗ್‌ನಿಂದ ಬಂದರು. ಜಯಾ ಆಂಟಿ, ಅವರ ಗಂಡ ಗೋಪಿನಾಥ್ ಅಂಕಲ್, ಇನ್ನೂ ನಾಲ್ಕಾರು ಸಂಸಾರ. ಟಿವಿಗೆ ಲ್ಯಾಪ್‌ಟಾಪ್ ಸಿಕ್ಕಿಸಿ ಅರವಿಂದ ಅಂಕಲ್ ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತರು. ‘ಗಟ್ಟಿಯಾಗಿ’ ಎಂದು ಅಮ್ಮ ಕೈಸನ್ನೆ ಮಾಡಿದಳು.

ಗಾರ್ಗಿ ಶುರುಮಾಡಿದಳು. ಮೂವತ್ತೈದು ಕೋಟಿಗೂ ಹೆಚ್ಚು ಜನರ ಮನೆಮಾತು. ಇಪ್ಪತ್ತು ದೇಶಗಳ ಅಧಿಕೃತ ಭಾಷೆ. ಹುಟ್ಟಿದ್ದು ಸ್ಪೇನಿನಲ್ಲಾದರೂ ಈಗ ಹೆಚ್ಚು ಜನ ಆಡುವುದು ಮೆಕ್ಸಿಕೋದಲ್ಲಿ. ಅರ್ಜೆಂಟೀನಾದ ಉಚ್ಚಾರಣೆಯೇ ಬೇರೆ, ಕ್ಯೂಬಾದ್ದೇ ಬೇರೆ. ಪರಾಗ್ವೇಯಲ್ಲಿ ಗ್ವಾರಾನಿ ಎಂಬ ನೆಲದ ಭಾಷೆ ಅದರ ಪಕ್ಕದಲ್ಲೇ ಸಮಸಮ ಕೂತಿದೆ. ಆಫ್ರಿಕಾದಲ್ಲೂ ಈಕ್ವಟೋರಿಯಲ್ ಗಿನಿ ಎಂಬ ಒಂದು ಸ್ಪ್ಯಾನಿಷ್ ಆಡುವ ದೇಶವಿದೆ. ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ ಕೋಟಿಗಟ್ಟಲೆ ಜನ ಮನೆಯಲ್ಲಿ ಅದನ್ನೇ ಆಡುತ್ತಾರೆ.

“ನಮ್ ಕನ್ನಡದೋರು ಅವತ್ತೇ ಹಡಗು ಹತ್ತಿದ್ರೆ ಇವತ್ತು ಮೆಕ್ಸಿಕೋದಲ್ಲಿ ರಾಜ್ಯೋತ್ಸವ ಮಾಡ್ಬಹುದಿತ್ತು ಕಣ್ರೀ!” ಎಂದರು ಗೋಪಿನಾಥ್ ಅಂಕಲ್.

“ನಿಮಗೆ ಸೆಂಟೋಸಾ ಫೆರಿ ಹತ್ತಿದ್ರೇ ವಾಂತಿ ಬರತ್ತೆ, ಸುಮ್ನಿರಿ,” ಎಂದು ಜಯಾ ಆಂಟಿ ತಿವಿದರು. ಎಲ್ಲರೂ ನಕ್ಕರು.

“ಆ ಹಡಗುಗಳು ಬರೀ ಭಾಷೆ ತಗೊಂಡು ಹೋಗ್ಲಿಲ್ಲ ಅಂಕಲ್,” ಎಂದಳು ಗಾರ್ಗಿ. ಅದು ಸ್ಲೈಡಿನಲ್ಲಿರಲಿಲ್ಲ. ದನಿ ನಡುಗಿತು. “ಅಲ್ಲಿದ್ದ ಎಷ್ಟೋ ಭಾಷೆ ಸತ್ತುಹೋಯ್ತು. ಕೋಟಿ ಕೋಟಿ ಅಂತ ಎಣಿಸ್ತೀವಲ್ಲ, ಅವರಲ್ಲಿ ಎಷ್ಟೋ ಜನ ಬಾಯಿ ಮುಚ್ಚಿಸಿಕೊಂಡವರ ಮಕ್ಕಳು.”

“ನೆಕ್ಸ್ಟ್ ಸ್ಲೈಡ್, ಗಾರ್ಗಿ,” ಅರವಿಂದ ಅಂಕಲ್ ಮೃದುವಾಗಿಯೇ ಅಂದರು. ಕಣ್ಣು ಮೃದುವಾಗಿರಲಿಲ್ಲ.

ಮುಂದಿನದು ಫಿಲಿಪ್ಪೀನ್ಸ್. ಎರ್ಲಿಂಡಾ ಬೋಂಡಾದ ತಟ್ಟೆ ಹಿಡಿದು ಸೋಫಾಗಳ ನಡುವೆ ಬಾಗುತ್ತ ಬರುತ್ತಿದ್ದಳು. ಸಾಂಬೊವಾಂಗಾ ಎಂಬ ಹೆಸರು ಕಿವಿಗೆ ಬಿದ್ದದ್ದೇ ನಿಂತಳು.

“ಅಯ್ಯೋ, ನಮ್ ಲಿಂಡಾ ಅಲ್ಲಿಯವಳೇ!” ಪದ್ಮಿನಿ ಆಂಟಿ ಚಪ್ಪಾಳೆ ತಟ್ಟಿದರು. “ಲೈವ್ ಡೆಮೋ ಇದೆ ನಮ್ಮನೇಲಿ! ಲಿಂಡಾ, ಕಮ್ ಕಮ್. ಸೇ ಸಮ್‌ಥಿಂಗ್ ಇನ್ ಯುವರ್ ಲ್ಯಾಂಗ್ವೇಜ್. ನಮ್ ಗಾರ್ಗಿ ಕನ್ನಡಕ್ಕೆ ಹೇಳ್ತಾಳೆ.”

“ನೋ, ಮ್ಯಾಮ್.”

“ಡೋಂಟ್ ಬಿ ಶೈ ಲಾ! ಜಸ್ಟ್ ಒನ್ ಸೆಂಟೆನ್ಸ್.” ಆಂಟಿ ಸುತ್ತಲಿನವರ ಕಡೆ ತಿರುಗಿದರು. “ನಮ್ಮನೇಲಿ ಮಗಳ ಥರ ಇದಾಳೆ ಕಣ್ರೀ.”

ಇಡೀ ಹಾಲು ಎರ್ಲಿಂಡಾಳನ್ನು ನೋಡಿತು. ತಟ್ಟೆಯನ್ನು ಕೆಳಗಿಡಲು ಜಾಗವಿರಲಿಲ್ಲ. ಅವಳು ಆಂಟಿಯನ್ನು ನೋಡಲಿಲ್ಲ. ಗಾರ್ಗಿಯನ್ನೇ ದುರುಗುಟ್ಟಿ ನೋಡುತ್ತ, ಒಂದೊಂದು ಪದವನ್ನೂ ಎತ್ತಿಟ್ಟಂತೆ ಹೇಳಿದಳು.

“ಕ್ಯೆರೆ ಯೊ ಮೀರಾ ಕೊನ್ ಮಿ ನಾನಾ.”

“ವಾಹ್!” ಗೋಪಿನಾಥ್ ಅಂಕಲ್ ತೊಡೆ ತಟ್ಟಿದರು. “ಹಾಡಿದ ಹಾಗೇ ಇದೆಯಲ್ರೀ!”

“ಏನಂದ್ಲು ಪುಟ್ಟಾ?” ಪದ್ಮಿನಿ ಆಂಟಿ ಕೇಳಿದರು. “ಎಲ್ಲರಿಗೂ ವೆಲ್ಕಮ್ ಅಂದ್ಲಾ?”

ಹೌದು ಎಂದರೆ ಮುಗಿಯುತ್ತಿತ್ತು. ಆಂಟಿ ಬಾಗಿಲು ತೆರೆದು ಹಿಡಿದಿದ್ದರು, ದಾಟಿ ಹೋದರೆ ಸಾಕು. ಆಚೆ ಸೋಮವಾರವಿತ್ತು, ಕೊರಳಿಗೊಂದು ಪಾಸ್ ಇತ್ತು, ಅಮ್ಮನ ಮುಖದಲ್ಲಿ ಬೆಳಕಿತ್ತು. ಅರವಿಂದ ಅಂಕಲ್ ಗಡಿಯಾರ ನೋಡಿಕೊಂಡರು. ಎರ್ಲಿಂಡಾ ಆಗಲೇ ಉತ್ತರ ಗೊತ್ತಿರುವವಳಂತೆ ಅಡುಗೆಮನೆಯ ಕಡೆ ಹೊರಳಿದ್ದಳು.

“ಇಲ್ಲ ಆಂಟಿ,” ಎಂದಳು ಗಾರ್ಗಿ.

ದನಿ ಹಿಂದಿನ ಸೋಫಾದವರೆಗೂ ಹೋಯಿತು.

“ಅಮ್ಮನ್ನ ನೋಡ್ಬೇಕು ಅಂದ್ಲು. ಪಾಸ್‌ಪೋರ್ಟ್ ಅವಳದು, ನೀವು ಬೀರುನಲ್ಲಿ ಬಚ್ಚಿಟ್ಟಿದೀರಿ. ಅದನ್ನ ಅವಳಿಗೆ ಕೊಟ್ಟುಬಿಡಿ.”