ತುದಿಯಲ್ಲಿ ಉಳಿದ ಕಪ್ಪು

"ಏನ್ರಿ ಸಾಹೇಬ್ರ ಇದು? ಬುಡಕ್ಕ ಬೆಳ್ಳಗ, ತುದಿಗೆ ಕರ್ರಗ! ತಲಿ ತುಂಬ ಬೆಂಕಿಕಡ್ಡಿ ನೆಟ್ಟಂಗ ಆಗೈತಲ್ರಿ," ಎಂದು ಹನಮಂತ ಕತ್ತರಿಯನ್ನು ಗಾಳಿಯಲ್ಲೇ ಆಡಿಸಿದ. "ಬಣ್ಣ ಹಚ್ಚೂದು ಬಿಟ್ಟಾರಲ್ಲ, ಅಕ್ಕಾರು ಮುನಿಸ್ಕೊಂಡಾರೇನ್ರಿ?"

"ತೀರ್ಕೊಂಡ್ಲು ಹನಮಂತ. ಶ್ರಾವಣದಲ್ಲಿ," ಎಂದ ಕನ್ನಡಿಯೊಳಗಿನ ಗೌರೀಶಂಕರ.

ಹನಮಂತ ಮೊಬೈಲಿನಲ್ಲಿ ಬರುತ್ತಿದ್ದ ಹಾಡನ್ನು ನಿಲ್ಲಿಸಿದ.

ಶಿಲ್ಪಶ್ರೀ ಗಂಡನ ತಲೆಗೆ ಬಣ್ಣ ಹಚ್ಚತೊಡಗಿದ್ದು ಚೆಂದಕ್ಕಲ್ಲ, ಕಂಪನಿಗಾಗಿ. ಅರ್ಧ ಆಯುಷ್ಯ ಲಿಫ್ಟ್ ರಿಪೇರಿಯಲ್ಲಿ ಕಳೆದ ಗೌರೀಶಂಕರ, ಲಿಫ್ಟು ಕೆಡುವ ಮೊದಲೇ ಎಚ್ಚರಿಸುವ ಸಾಫ್ಟ್‌ವೇರ್ ಕಟ್ಟಿಕೊಂಡು ಹೂಡಿಕೆದಾರರ ಬಾಗಿಲಿಗೆ ಹೋದಾಗ ಊರಿನಲ್ಲಿ ಹುಡುಗರ ಕಾಲ ನಡೆದಿತ್ತು. ಒಬ್ಬ ಫೌಂಡರ್‌ಗೆ ಮೀಟಿಂಗಿನ ನಡುವೆಯೇ ಹಾಲುಹಲ್ಲು ಉದುರಿತೆಂದೂ, ಅದನ್ನು ಕಂಡೇ ಹೂಡಿಕೆದಾರರು ಸಹಿ ಹಾಕಿದರೆಂದೂ ಜಯನಗರದಲ್ಲಿ ಈಗಲೂ ಹೇಳುತ್ತಾರೆ. ಹಲ್ಲನ್ನು ಆಫೀಸಿನ ಹೆಂಚಿನ ಮೇಲೆ ಎಸೆದರಂತೆ. ಗೌರೀಶಂಕರನಿಗೆ ಮಾತ್ರ, "ಐಡಿಯಾ ಸಖತ್ತಾಗಿದೆ ಅಂಕಲ್. ನಿಮ್ಮ ಮಗ ಏನ್ ಮಾಡ್ತಿದಾನೆ?" ಎಂದರು.

ಮಕ್ಕಳಿರಲಿಲ್ಲ. ಆ ಸಂಜೆಯೇ ಶಿಲ್ಪಶ್ರೀ ಫೋರ್ತ್ ಬ್ಲಾಕಿನ ಅಂಗಡಿಗೆ ಹೋಗಿ ಡೈ ತಂದಳು.

"ಮಗ ಇಲ್ದಿದ್ರೆ ಏನಂತೆ? ನಿಮ್ಮನ್ನೇ ಹುಡುಗನ್ನ ಮಾಡ್ತೀನಿ, ಕೂತ್ಕೊಳ್ಳಿ."

ಬಚ್ಚಲಿನ ಸ್ಟೂಲು, ಹಳೆಯ ಟೂತ್‌ಬ್ರಷ್ಷು, ಅವನ ಹೆಗಲಿಗೆ ಅವಳದೊಂದು ಹರಿದ ನೈಟಿ. ಬಣ್ಣ ಹಚ್ಚುತ್ತ ತಾನೇ ಹೂಡಿಕೆದಾರಳಾಗಿ ಪ್ರಶ್ನೆ ಕೇಳುತ್ತಿದ್ದಳು. ಉತ್ತರ ತಪ್ಪಿದರೆ ಬ್ರಷ್ಷಿನ ಹಿಡಿಯಿಂದ ಮೊಟಕುತ್ತಿದ್ದಳು. ಪ್ರತಿಸಲವೂ ಎಡಗಿವಿಯ ಹಿಂದೆ ಒಂದು ಕಲೆ ಬಿಡುತ್ತಿದ್ದಳು. ಕಟಿಂಗಿಗೆ ಬಂದಾಗ ಅದನ್ನು ಒದ್ದೆ ಟವೆಲಿನಲ್ಲಿ ಉಜ್ಜುವುದು ಹನಮಂತನ ಪಾಲು, ಗೊಣಗುವುದೂ ಅವನದೇ.

ಈಗ ಗಾಳಿ ತಿರುಗಿತ್ತು. ಜೆಪಿ ನಗರದ ಆಫೀಸಿನಲ್ಲಿ, ಅಂದರೆ ಅವನ ಮನೆಯ ಹಾಲಿನಲ್ಲಿ, ಜೊತೆಗೆ ಕೆಲಸ ಮಾಡುವ ತೇಜಸ್ವಿನಿ ಬೆಳಿಗ್ಗೆಯೇ ಹೇಳಿದ್ದಳು: "ಸಾರ್, ನಾಳೆ ಇನ್ವೆಸ್ಟರ್ಸ್ ಮೀಟಿಂಗ್ ಕೈತಪ್ಪಿದ್ರೆ ಬಾಗ್ಲು ಹಾಕೋದೇ. ಕೋಡನ್ನ ಈಗ ಮಶೀನೇ ಬರ್ದ್ಬಿಡುತ್ತೆ, ಹುಡುಗರನ್ನ ಯಾರೂ ಕೇಳ್ತಿಲ್ಲ. ಅವ್ರಿಗೆ ಬೇಕಾಗಿರೋದು ಲಿಫ್ಟು ಎಲ್ಲೆಲ್ಲಿ ಕೈ ಕೊಡುತ್ತೆ ಅಂತ ನೋಡಿ ನೋಡಿ ಬೆಳ್ಳಗಾಗಿರೋ ತಲೆ. ಆ ಕರಿ ತುದಿ ಒಂದು ತೆಗೆಸ್ಬಿಡಿ, ಪ್ಲೀಸ್. ಡೈ ಮಾಡ್ಕೊಳ್ಳೋದು ಮರ್ತೋಗಿರೋರ ಥರ ಕಾಣ್ತೀರ."

"ಮರ್ತಿಲ್ಲಮ್ಮ," ಎಂದಿದ್ದ.

ಸಾವಿಗೆ ತಲೆ ಬೋಳಿಸುವ ಪದ್ಧತಿ ಅವನ ಮನೆತನದಲ್ಲಿಲ್ಲ. ಹಾಗಾಗಿ ಆಷಾಢದ ಕೊನೆಯ ಭಾನುವಾರ ಅವಳು ಹಚ್ಚಿದ ಬಣ್ಣ ಅಲ್ಲೇ ಉಳಿದುಬಿಟ್ಟಿತ್ತು. ಕೂದಲು ಬೆಳೆದಂತೆಲ್ಲ ಅದು ಅವನಿಂದ ಇಷ್ಟಿಷ್ಟೇ ದೂರ ಹೋಗುತ್ತಿತ್ತು.

"ಮತ್ತ ಕರಿ ಮಾಡ್ಲೇನ್ರಿ?" ಹನಮಂತ ತಗ್ಗಿದ ದನಿಯಲ್ಲಿ ಕೇಳಿದ. "ನಾ ಹಚ್ತೀನಿ. ಕಿವಿ ಹಿಂದ ಕಲಿ ಬೀಳಂಗಿಲ್ಲ."

"ಬೇಡ. ಕರಿದನ್ನೆಲ್ಲ ತೆಗೆದ್ಬಿಡು."

"ಎಲ್ಲಾನೂ?"

"ನಾಳೆ ಮೀಟಿಂಗಿದೆ."

ಕತ್ತರಿ ಆಡಿತು. ಕಪ್ಪು ಚೂರುಗಳು ಹೊದಿಸಿದ ಬಟ್ಟೆಯ ಮೇಲೆ ಬಿದ್ದವು. ಗೌರೀಶಂಕರ ಕಣ್ಣು ಮುಚ್ಚಿ, ನಾಳೆಯ ಉತ್ತರಗಳನ್ನು ತುಟಿಯಲ್ಲೇ ಹೇಳಿಕೊಂಡ. ಒಂದು ಕಡೆ ತಪ್ಪಿತು. ತಲೆಯನ್ನು ತುಸು ಬಗ್ಗಿಸಿ ಕಾದ. ಯಾರೂ ಮೊಟಕಲಿಲ್ಲ.

"ತಲಿ ಎತ್ರಿ ಸಾಹೇಬ್ರ."

ಹನಮಂತ ಹೊದಿಸಿದ್ದ ಬಟ್ಟೆ ತೆಗೆದು ಕೊಡವಿದ. ಎಂದಿನಂತೆ ಟವೆಲಿನ ತುದಿಯನ್ನು ನೀರಿನಲ್ಲಿ ಅದ್ದಿ, ಎಡಗಿವಿಯನ್ನು ಮಡಿಚಿದ. ಅಲ್ಲಿ ಏನೂ ಇರಲಿಲ್ಲ. ಆದರೂ ಆ ಜಾಗವನ್ನು ಮೆಲ್ಲಗೆ ಒರೆಸಿದ.