ಅಗಿಯದ ಅಡಿಕೆ

"ಇನ್ನೂ ಮೊಣಕಾಲುದ್ದ ತೆಗೀರ್ಲಾ ಬಡ್ಡೀಮಕ್ಳಾ. ಹಂದಿ ಕೆದಕ್ದಂಗೆ ಕೆದಕ್ತಾ ಕೂತವ್ರೆ. ಶಾಂತಿ ಕಲ್ಲು ಹೂಳೋ ಗುಂಡಿ ಇದು, ನಿಮ್ಮಪ್ಪ ಕಕ್ಕಸ್ಸಿಗೆ ಕೂರೋ ಗುಂಡಿ ಅಲ್ಲ."

ಸೆವೆರಿನ್ ಕೊಡೆಯ ನೆರಳಲ್ಲಿ ನಿಂತು ಬೈಯುತ್ತಿದ್ದ. ದಂಗೆಯ ಕಾಲದಲ್ಲಿ ಅವನು ನಮ್ಮ ಕಣಿವೆಯ ಕಮಾಂಡರ್. ಈಗ ಚುನಾವಣೆಗೆ ನಿಲ್ಲುವವನು. ಸುರಿಸಿದ ರಕ್ತದ ಮಾತು ತೀರಿಸದೆ ಉಳಿದವನಿಗೆ ನಮ್ಮ ಬೂಗನ್‌ವಿಲ್ ದ್ವೀಪದ ಕಣಿವೆಗಳಲ್ಲಿ ಓಟು ಬೀಳುವುದಿಲ್ಲ, ಅದಕ್ಕೇ ಈ ಆತುರ. ಗುಂಡಿ ತೋಡುತ್ತಿದ್ದವರು ನಾನು ಮತ್ತು ಟೊರೊವಿ. ಗಣಿ ಇದ್ದಾಗ ಬಿಳಿಯರಿಗೆ ತೋಡಿದೆವು, ಯುದ್ಧ ಬಂದಾಗ ಇವರ ಕಂದಕ ತೋಡಿದೆವು, ಈಗ ಶಾಂತಿಗೂ ನಾವೇ.

"ಬೈಗುಳ ಅದೇ, ಬೆನ್ನೂ ಅದೇ," ಎಂದು ಟೊರೊವಿ ಗೊಣಗಿದ. "ಗುದ್ದಲಿ ಕಾವು ಮಾತ್ರ ಹೊಸದು ಕಣ್ಲಾ."

ಅಷ್ಟರಲ್ಲಿ ಅಪೊಲೋನಿಯ ಬಂದಳು. ನಾವು ಕೆಲಸ ನಿಲ್ಲಿಸಿ ಗುಂಡಿಯೊಳಗೇ ಪಕ್ಕಕ್ಕೆ ಸರಿದೆವು. ಮನೆಯ ಕಂಬಕ್ಕಿರಲಿ, ಕಕ್ಕಸ್ಸಿಗಿರಲಿ, ಊರಲ್ಲಿ ಯಾರು ಗುಂಡಿ ತೋಡಿದರೂ ಅವಳು ಬಂದು ಬಗ್ಗಿ ನೋಡುತ್ತಾಳೆ. ಅವಳು ನೋಡಿ ಹೋಗುವ ತನಕ ಯಾರೂ ಕಂಬ ಇಳಿಸುವುದಿಲ್ಲ.

ಅವಳ ಮಗ ಬೆನೆಡಿಕ್ ಯುದ್ಧದಲ್ಲಿ ಹೋದವನು. ಸರ್ಕಾರದ ಸೈನ್ಯ ಮುತ್ತಿಗೆ ಹಾಕಿ, ಔಷಧಿ ಕೂಡ ದ್ವೀಪಕ್ಕೆ ಬಾರದಂತೆ ಮಾಡಿದ್ದ ಕಾಲ ಅದು. ಜ್ವರದಲ್ಲಿ ಬೇಯುತ್ತಿದ್ದ ತಂಗಿಗೆ ಮಾತ್ರೆ ಬೇಡಲು ಅವನು ಸೈನ್ಯದ ಶಿಬಿರಕ್ಕೇ ಹೋದ. ಬರುವ ದಾರಿಯಲ್ಲಿ ಸೆವೆರಿನ್‌ನ ಜನ ಹಿಡಿದು ಗೂಢಚಾರ ಎಂದರು. ಅವನ ಹೆಣ ಕೂಡ ಮನೆಗೆ ಬರಲಿಲ್ಲ. ಮಾರನೆಯ ಬೆಳಿಗ್ಗೆ ಮಾತ್ರೆಗಳು ಅಪೊಲೋನಿಯಳ ಹೊಸಿಲ ಮೇಲಿದ್ದವು. ಯಾರು ಇಟ್ಟರೋ. ತಂಗಿ ಬದುಕಿದಳು.

ನಮ್ಮಲ್ಲಿ ನೆಲ ತಾಯಂದಿರದು. ಸತ್ತವನ ಮೂಳೆ ತಾಯಿಯ ನೆಲಕ್ಕೆ ಬರಬೇಕು. ಬರದಿದ್ದರೆ ಅವನು ತೋಟದ ಅಂಚಿನಲ್ಲೇ ನಿಂತಿರುತ್ತಾನೆ, ಒಳಗೆ ಕಾಲಿಡಲಾರ. ಅದಕ್ಕೇ ಅಪೊಲೋನಿಯ ಸಂಜೆಯಾದರೆ ಬೆಂದ ಗೆಣಸೊಂದನ್ನು ಎಲೆಯ ಮೇಲಿಟ್ಟುಕೊಂಡು ತೋಟದ ಅಂಚಿಗೆ ಹೋಗಿ, ಜಪಮಾಲೆ ಮುಗಿಸಿ ಬರುತ್ತಾಳೆ.

ಅವಳು ಬಗ್ಗಿ ನೋಡಿದಳು. ಒಳಗೆ ಕೆಂಪು ಹಸಿ ಮಣ್ಣು, ಅಷ್ಟೆ.

"ನೋಡಿದ್ದಾಯ್ತಾ ದೊಡ್ಡವ್ವ?" ಎಂದ ಸೆವೆರಿನ್. "ಬಾ, ಕೂತ್ಕೋ. ಎಂಥ ಹಂದಿ ತಂದಿವ್ನಿ ನೋಡು. ತಪ್ಪುಗಾಣ್ಕೆಗೆ ಚಿಪ್ಪಿನ ಸರಾನೂ ಐತೆ."

"ಎಲ್ಲಿ ಮಡಗಿದ್ರಿ ಅವನ್ನ?"

"ಯುದ್ಧ ಕಣವ್ವ ಅದು. ಯಾರು ಕೊಂದ್ರು ಅಂತ ಕೇಳೋಕಾಯ್ತದಾ? ನನ್ನ ತಮ್ಮನ್ನೂ ಸೈನ್ಯದೋರು ಸುಟ್ಟು ಹಾಕುದ್ರು."

"ಯಾರು ಕೊಂದ್ರು ಅಂತ ಕೇಳ್ಲಿಲ್ಲ ಕಣಪ್ಪ. ಎಲ್ಲಿ ಮಡಗಿದ್ರಿ ಅಂತ ಕೇಳ್ದೆ."

ಪಾದ್ರಿ ಮುಂದೆ ಬಂದರು. ಹಂದಿ ಬೇಯುತ್ತಿದ್ದ ಕಡೆಗೊಮ್ಮೆ ನೋಡಿದರು.

"ಯೇಸುಸ್ವಾಮಿ ಶಿಲುಬೆ ಮೇಲಿಂದ್ಲೇ ಕ್ಷಮಿಸಿದ್ರು ಅಪೊಲೋನಿಯ. ನೀನೇನು ಅವರಿಗಿಂತ ದೊಡ್ಡೋಳಾ? ನಿನ್ನೊಬ್ಬಳ ಹಟಕ್ಕೆ ಊರೆಲ್ಲ ಹಸಕೊಂಡು ಕೂರ್ಬೇಕಾ?"

"ಅವರ ಹೆಣಾನ ಅವರವ್ವನ ಮಡ್ಲಿಗೆ ಕೊಟ್ಟಿದ್ರಲ್ಲ ಸ್ವಾಮಿ," ಎಂದಳು ಅಪೊಲೋನಿಯ ಮೆಲ್ಲಗೆ.

ಗುಂಡಿಯೊಳಗೆ ಟೊರೊವಿಗೆ ನಗು ಬಂದು, ಅದನ್ನು ಕೆಮ್ಮು ಮಾಡಿಕೊಂಡ. ಸೆವೆರಿನ್ ಒದ್ದ ಮಣ್ಣು ಅವನ ಮುಖಕ್ಕೆ ಬಿತ್ತು. ಆಮೇಲೆ ಸೆವೆರಿನ್ ಅವಳ ಕಿವಿಯ ಹತ್ತಿರ ಬಾಗಿದ. ಗುಂಡಿಯಲ್ಲಿದ್ದ ನಮ್ಮನ್ನು ಅವನು ಲೆಕ್ಕಕ್ಕೇ ಹಿಡಿಯಲಿಲ್ಲ.

"ಅವನ್ನ ಹೂತ ಗುಂಡಿ ತೆಗುದ್ರೆ ಪಕ್ಕದ್ದೂ ತೆಗೀಬೇಕು ದೊಡ್ಡವ್ವ. ಅದರ ಪಕ್ಕದ್ದೂ. ನಿನ್ನ ಅಣ್ಣತಮ್ಮಂದಿರು ಕೊಂದು ಹೂತೋರೂ ಅವ್ರೆ ಅಲ್ಲಿ. ಅವರ ಅವ್ವಂದಿರೂ ಬತ್ತಾರೆ. ನಿಂಗೆ ಶಾಂತಿ ಬೇಕೋ ಬ್ಯಾಡ್ವೋ?"

ಅಪೊಲೋನಿಯ ಅಣ್ಣನ ಕಡೆ ತಿರುಗಿದಳು. ಅವಳ ಅಣ್ಣ ಅಲ್ಲೇ ಕೂತಿದ್ದ. ನೆಲ ನೋಡುತ್ತಿದ್ದ.

ಕಲ್ಲನ್ನು ಉರುಳಿಸಿ ತಂದರು. ಕೊಂದವರ ಕಡೆಯವನೂ ಸತ್ತವನ ಕಡೆಯವರೂ ಅಡಿಕೆ, ಸುಣ್ಣ ಅಗಿದು ಕಲ್ಲಿನ ಮೇಲೆ ಕೆಂಪಗೆ ಉಗಿಯಬೇಕು. ಎರಡೂ ಕೆಂಪು ಕೂಡಿದವೆಂದರೆ ಸತ್ತವನ ಮಾತು ಮುಗಿಯಿತು. ಆಮೇಲೆ ಅವನೆಲ್ಲಿ ಎಂದು ಯಾರೂ ಬಾಯಿ ಬಿಡುವಂತಿಲ್ಲ, ಹೆತ್ತವಳೂ. ಆಮೇಲೆಯೇ ಹಗೆ ತೀರಿತೆಂದು ಬಾಣ ಮುರಿಯುವುದು, ಆಮೇಲೆಯೇ ಊಟ.

ಸೆವೆರಿನ್ ಬೇಗ ಬೇಗ ಅಗಿದು ಉಗಿದ. ಅಪೊಲೋನಿಯಳ ಅಂಗೈಗೂ ಅಡಿಕೆ ಇಟ್ಟರು. ಅವಳು ಬಾಯಿಗೆ ಹಾಕಿಕೊಂಡಳು. ಊರೇ ಉಸಿರು ಬಿಟ್ಟಿತು. ಬಿದಿರ ಕೊಳಲುಗಳು ಶುರುವಾದವು.

ಅವಳ ಕೆನ್ನೆ ಉಬ್ಬಿತ್ತು. ದವಡೆ ಅಲುಗಲಿಲ್ಲ.

ಕೊಳಲು ಊದುವವರು ಊದಿ ಊದಿ ನಿಲ್ಲಿಸಿದರು. ಬಿಸಿಲು ಬೆಟ್ಟದ ಆಚೆಗೆ ಸರಿಯಿತು. ಹಂದಿ ಬೆಂದ ವಾಸನೆಗೆ ನಾಯಿಗಳು ಬಂದು ಕೂತವು.

"ಅಗಿಯೇ ಮುದುಕಿ," ಎಂದಿತು ಯಾರದೋ ದನಿ. "ಅಡಿಕೆ ಏನು ಮೊಟ್ಟೆನಾ, ಕಾವು ಕೊಡಾಕೆ?" ಕೆಲವರು ನಕ್ಕರು.

ಮಗಳು ಬಂದು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತಳು. "ಅವ್ವ, ಅಗುದ್ಬುಡು. ಆ ಮಾತ್ರೆ ನುಂಗ್ದೋಳು ನಾನು. ದಿನಾ ನಿನ್ನ ಮುಖ ನೋಡಿ ನಂಗೂ ಸಾಕಾಗೈತೆ."

ಅಪೊಲೋನಿಯ ಅವಳ ತಲೆ ಸವರಿದಳು. ಬಾಯಿ ಬಿಚ್ಚಲಿಲ್ಲ. ಎದ್ದು ಮನೆಯ ಕಡೆ ನಡೆದಳು.

ಸೆವೆರಿನ್ ಕಲ್ಲಿನ ಹತ್ತಿರ ಬಂದ. ಇನ್ನೊಂದು ಅಡಿಕೆ ಬಾಯಿಗೆ ಹಾಕಿ ಅಗಿದು, ಅವಳು ಉಗಿಯಬೇಕಿದ್ದ ಬದಿಗೂ ತಾನೇ ಉಗಿದ. "ದೊಡ್ಡವ್ವಂದೂ ಆಯ್ತು," ಎಂದ. ಅವಳ ಅಣ್ಣ ತಲೆಯೆತ್ತಲಿಲ್ಲ. ಯಾರೂ ಅಲ್ಲವೆನ್ನಲಿಲ್ಲ. ಪಾದ್ರಿ ಶಿಲುಬೆಯ ಗುರುತು ಮಾಡಿದರು.

"ಮುಚ್ರಲಾ."

ಕಲ್ಲನ್ನು ಗುಂಡಿಗಿಳಿಸಿ ಮುಚ್ಚಿದೆವು. ಹಂದಿಯ ಪಾಲು ನಮಗೂ ಬಂತು. ತಿಂದೆವು.

ಮನೆಗೆ ಹೋಗುವಾಗ ಅವಳ ತೋಟ ದಾಟಬೇಕು. ಅಂಚಿನಲ್ಲಿ ಎಲೆಯ ಮೇಲೆ ಗೆಣಸು ಹಬೆಯಾಡುತ್ತಿತ್ತು. ಅಪೊಲೋನಿಯ ಜಪಮಾಲೆ ಹಿಡಿದು ಕೂತಿದ್ದಳು. ಕೆನ್ನೆ ಇನ್ನೂ ಉಬ್ಬಿಯೇ ಇತ್ತು. ತುಟಿ ಅಲುಗುತ್ತಿತ್ತು, ದವಡೆ ಅಲುಗುತ್ತಿರಲಿಲ್ಲ.